ಸಾಂಕ್ರಾಮಿಕದ ಕಾಲದಲ್ಲಿ ಸಭೆಯ ಸೇವೆ: ಬೀದರ್ ಸೀಮೆಯ ಸಭೆಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಯೆರೂಸಲೇಮಿನ ಮೊದಲ ಸಭೆಯಲ್ಲಿ ಪ್ರೀತಿಗೇನೂ ಕೊರತೆಯಿರಲಿಲ್ಲ. ಹೊಲ ಮನೆ ಮಾರಿ, ಬಂದ ಹಣವನ್ನು ಅಪೊಸ್ತಲರ ಪಾದಗಳ ಬಳಿ ತಂದಿಟ್ಟ ಜನ ಅವರು. ಹಾಗಿದ್ದೂ ದಿನದಿನದ ಊಟ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರಿಗೆ ಕೊಡುವುದು ಬಿಟ್ಟುಹೋಯಿತು ಎಂದು ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಅದಕ್ಕೆ ಅಪೊಸ್ತಲರು ಪ್ರೀತಿಯ ಕುರಿತು ಇನ್ನೊಂದು ಪ್ರಸಂಗ ಮಾಡಲಿಲ್ಲ. ಒಳ್ಳೆಯ ಹೆಸರು ಪಡೆದ ಏಳು ಮಂದಿಯನ್ನು ಆರಿಸಿಕೊಳ್ಳಲು ಸಭೆಗೆ ಹೇಳಿ, ಹಂಚುವ ಕೆಲಸವನ್ನು ಅವರಿಗೆ ಒಪ್ಪಿಸಿ, ಅವರ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಊಟದ ಪಂಕ್ತಿಯ ಉಸ್ತುವಾರಿಯೂ ಕೈಯಿಟ್ಟು ಪ್ರಾರ್ಥಿಸುವಷ್ಟು ಪವಿತ್ರವಾದ ಕೆಲಸವೆಂದು ಅಂದೇ ತೀರ್ಮಾನವಾಗಿತ್ತು.

ಈ ಮಾರ್ಗದರ್ಶಿಯ ಎಲ್ಲ ಮಾತುಗಳಿಗೂ ಆ ಅಧ್ಯಾಯವೇ ಆಧಾರ. ಸಾಂಕ್ರಾಮಿಕ ಬಂದಾಗ ನೆರೆಯವರಿಗೆ ನೆರವಾಗುವುದು ಕ್ರೈಸ್ತರ ಇಷ್ಟಾನಿಷ್ಟಕ್ಕೆ ಬಿಟ್ಟದ್ದಲ್ಲ, ಅದು ಕರ್ತವ್ಯ. ಆದರೆ ಆ ಕರ್ತವ್ಯ ವ್ಯವಸ್ಥೆಯಿಲ್ಲದೆ ನೆರವೇರುವುದಿಲ್ಲ. ಬೀದರ್ ಪಟ್ಟಣದ ದೊಡ್ಡ ಸಭೆಗಳನ್ನೂ, ಔರಾದ, ಭಾಲ್ಕಿ, ಹುಮನಾಬಾದ ಕಡೆಯ ಹಳ್ಳಿಗಳಲ್ಲಿ ಹತ್ತಿಪ್ಪತ್ತು ಮನೆಗಳೇ ಸೇರಿ ನಡೆಸುವ ಚಿಕ್ಕ ಸಭೆಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಮೆಥೋಡಿಸ್ಟ್, ಕಥೋಲಿಕ, ಪೆಂತೆಕೋಸ್ತ ಎಂಬ ಭೇದ ಈ ಕೆಲಸಕ್ಕೆ ಅಡ್ಡಬರಬೇಕಾಗಿಲ್ಲ.

ಮೊದಲ ಹೆಜ್ಜೆ: ಹೋಗಬೇಕೋ, ದೂರ ಉಳಿಯಬೇಕೋ ಎಂಬುದನ್ನು ಇತ್ಯರ್ಥ ಮಾಡಿಕೊಳ್ಳುವುದು

2020ರಲ್ಲಿ ನಮ್ಮ ಸಭೆಗಳಲ್ಲಿ ಎರಡು ಬಗೆಯ ಮಾತುಗಳು ಕೇಳಿಬಂದವು. ದೇವರ ಮಕ್ಕಳಿಗೆ ರೋಗ ತಟ್ಟದು, ಮಾಸ್ಕ್ ಹಾಕುವುದೇ ಅವಿಶ್ವಾಸ ಎಂಬುದು ಒಂದು. ಬಾಗಿಲು ಮುಚ್ಚಿಕೊಂಡು ಮನೆಯಲ್ಲಿ ಪ್ರಾರ್ಥಿಸಿದರೆ ನಮ್ಮ ಪಾಲಿನ ಕೆಲಸ ಮುಗಿಯಿತು ಎಂಬುದು ಇನ್ನೊಂದು. ಎರಡೂ ಸರಿಯಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ದೇವಾಲಯದ ತುದಿಯಿಂದ ಧುಮುಕು, ದೂತರು ಎತ್ತಿಹಿಡಿಯುತ್ತಾರೆ ಎಂದ ಸೈತಾನನಿಗೆ ಯೇಸುಸ್ವಾಮಿ ಕೊಟ್ಟ ಉತ್ತರ, ನಿನ್ನ ದೇವರಾದ ಕರ್ತನನ್ನು ಪರೀಕ್ಷಿಸಬಾರದು ಎಂಬುದು. ಹಾಗೆಯೇ, ಬಟ್ಟೆಯೂ ಊಟವೂ ಇಲ್ಲದ ಸಹೋದರನಿಗೆ ಬೇಕಾದದ್ದನ್ನು ಕೊಡದೆ, ಸಮಾಧಾನದಿಂದ ಹೋಗು ಎಂದು ಬಾಯಿಮಾತಿನಲ್ಲಿ ಹೇಳಿ ಕಳಿಸುವುದರಿಂದ ಏನು ಪ್ರಯೋಜನ ಎಂದು ಯಾಕೋಬನ ಪತ್ರಿಕೆ ಕೇಳುತ್ತದೆ.

1527ರಲ್ಲಿ ವಿಟೆನ್‌ಬರ್ಗ್ ಪಟ್ಟಣಕ್ಕೆ ಪ್ಲೇಗ್ ಬಂದಾಗ ಮಾರ್ಟಿನ್ ಲೂಥರ್ ಊರು ಬಿಡದೆ ಉಳಿದು ರೋಗಿಗಳನ್ನು ನೋಡಿಕೊಂಡರು. ಮಾರಕ ರೋಗ ಬಂದಾಗ ಓಡಿಹೋಗಬಹುದೇ ಎಂದು ಕೇಳಿದ ಪಾದ್ರಿಗಳಿಗೆ ಅದೇ ವರ್ಷ ಅವರು ಬರೆದ ಪತ್ರದ ತಿರುಳು ಇಂದಿಗೂ ಸಲ್ಲುತ್ತದೆ. ಔಷಧಿ ತೆಗೆದುಕೊಳ್ಳಬೇಕು, ಮನೆ ಶುದ್ಧವಾಗಿಡಬೇಕು, ತನ್ನ ಅಗತ್ಯವಿಲ್ಲದ ಸ್ಥಳಕ್ಕೂ ವ್ಯಕ್ತಿಗಳ ಬಳಿಗೂ ಹೋಗಬಾರದು, ಏಕೆಂದರೆ ತನ್ನ ಅಜಾಗ್ರತೆಯಿಂದ ಇನ್ನೊಬ್ಬರು ಸಾಯುವಂತಾಗಬಾರದು. ಆದರೆ ನೆರೆಯವನಿಗೆ ತಾನು ಬೇಕಾದಾಗ ಹಿಂಜರಿಯದೆ ಹೋಗಬೇಕು. ಸಭಾಪಾಲಕರು, ಅಧಿಕಾರಿಗಳು, ವೈದ್ಯರು ತಮ್ಮ ಸ್ಥಾನ ಬಿಡಬಾರದು. ನೋಡಿಕೊಳ್ಳಲು ಸಾಕಷ್ಟು ಜನರಿದ್ದಾಗ ಉಳಿದವರು ದೂರ ಸರಿದರೆ ಪಾಪವಲ್ಲ. ಅದಕ್ಕೂ ಮುಂಚೆ, ಮೂರನೆಯ ಶತಮಾನದ ಮಧ್ಯದಲ್ಲಿ, ಅಲೆಕ್ಸಾಂಡ್ರಿಯದ ಬಿಷಪ್ ಡಯೊನಿಸಿಯಸ್ ತಮ್ಮ ಊರಿನ ಕ್ರೈಸ್ತರು ರೋಗಿಗಳ ಶುಶ್ರೂಷೆ ಮಾಡುತ್ತಲೇ ಪ್ರಾಣ ಬಿಟ್ಟದ್ದನ್ನು ದಾಖಲಿಸಿದ್ದಾರೆ. ಅವರ ತ್ಯಾಗಕ್ಕೆ ತಲೆಬಾಗುತ್ತೇನೆ. ಆದರೆ ರೋಗ ಹೇಗೆ ಹರಡುತ್ತದೆಂಬುದು ಅವರಿಗೆ ಗೊತ್ತಿರಲಿಲ್ಲ, ನಮಗೆ ಗೊತ್ತಿದೆ. ಗೊತ್ತಿದ್ದೂ ಅಜಾಗ್ರತೆಯಿಂದ ನಡೆದರೆ ಅದನ್ನು ತ್ಯಾಗವೆನ್ನಲಾಗದು.

ಆದ್ದರಿಂದ ಸಭೆಯ ಕಮಿಟಿ ಮೊಟ್ಟಮೊದಲು ಮಾಡಬೇಕಾದದ್ದು, ಬಂದಿರುವ ರೋಗ ಯಾವ ದಾರಿಯಿಂದ ಹರಡುತ್ತದೆಂದು ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಯಿಂದಲೋ ಬೀದರ್‌ನ ಸರ್ಕಾರಿ ವೈದ್ಯಕೀಯ ಕಾಲೇಜಾದ ಬ್ರಿಮ್ಸ್‌ನ ಆಸ್ಪತ್ರೆಯ ವೈದ್ಯರಿಂದಲೋ ಕೇಳಿ ತಿಳಿದು, ಅದನ್ನು ಸರಳ ಕನ್ನಡದಲ್ಲಿ ಬರೆದು ಎಲ್ಲರಿಗೂ ಓದಿ ಹೇಳುವುದು. ಕೋವಿಡ್ ಉಸಿರಿನಿಂದ ಹರಡಿತು, ಕಾಲರಾ ಹರಡುವುದು ನೀರಿನಿಂದ. ಒಂದಕ್ಕೆ ಹೇಳಿದ ಎಚ್ಚರಿಕೆ ಇನ್ನೊಂದಕ್ಕೆ ಸಾಲದು. ವಾಟ್ಸಾಪ್‌ನಲ್ಲಿ ಬಂದ ಮನೆಮದ್ದಿನ ಸುದ್ದಿಗಳನ್ನು ಸಭೆಯ ಗುಂಪಿನಲ್ಲಿ ಹಂಚದಂತೆ ಸಭಾಪಾಲಕರೇ ಮೊದಲ ದಿನ ಕಟ್ಟುನಿಟ್ಟಾಗಿ ಹೇಳಬೇಕು.

ಎರಡನೆಯ ಹೆಜ್ಜೆ: ಮನೆಗಳ ಪಟ್ಟಿ

ಇಡೀ ಸೇವೆ ನಿಲ್ಲುವುದು ಇದರ ಮೇಲೆ. ಸಭೆಯ ಸದಸ್ಯರ ರಿಜಿಸ್ಟರ್ ನಮ್ಮಲ್ಲಿ ಇದ್ದೇ ಇರುತ್ತದೆ. ಆದರೆ ಅದರಲ್ಲಿರುವುದು ದೀಕ್ಷಾಸ್ನಾನ, ಮದುವೆ, ಚಂದಾ ಇವುಗಳ ಲೆಕ್ಕ. ರೋಗದ ಕಾಲದಲ್ಲಿ ಬೇಕಾಗುವ ಪಟ್ಟಿ ಬೇರೆ. ಒಂದು ದೊಡ್ಡ ನೋಟ್‌ಬುಕ್ ತೆಗೆದುಕೊಂಡು, ಓಣಿಗೊಂದು ಹಾಳೆಯಂತೆ, ಮನೆಯಲ್ಲಿ ಎಷ್ಟು ಜನ, ಅರವತ್ತು ದಾಟಿದವರು ಯಾರು, ಬಸುರಿ ಬಾಣಂತಿಯರು ಯಾರು, ಸಕ್ಕರೆ ಕಾಯಿಲೆ, ಬಿಪಿ, ಕ್ಷಯ, ಡಯಾಲಿಸಿಸ್ ಎಂದು ತಪ್ಪದೆ ಚಿಕಿತ್ಸೆ ಬೇಕಾದವರು ಯಾರು, ದಿನಗೂಲಿಯನ್ನೇ ನಂಬಿದವರು ಯಾರು, ರೇಷನ್ ಕಾರ್ಡ್ ಇದೆಯೋ ಇಲ್ಲವೋ ಎಂದು ಬರೆದುಕೊಳ್ಳಬೇಕು.

ಫೋನ್ ನಂಬರ್ ಬರೆಯುವಾಗ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಹಳ್ಳಿಯ ಮನೆಯಲ್ಲಿ ಒಬ್ಬಳೇ ಇರುವ ಅಜ್ಜಿಯ ಹೆಸರಿನ ಮುಂದೆ ಇರುವ ನಂಬರ್ ಬಹಳ ಸಲ ಅವಳದಾಗಿರುವುದಿಲ್ಲ. ಮೊಮ್ಮಗನದು, ಅವನು ದುಡಿಯಲು ಹೈದರಾಬಾದಿನಲ್ಲಿರುತ್ತಾನೆ. ಕರೆ ಮಾಡಿದರೆ ಅವನು ಎತ್ತಿ, ಅಜ್ಜಿ ಚೆನ್ನಾಗಿದ್ದಾಳೆ ಎನ್ನುತ್ತಾನೆ, ಆದರೆ ಅವಳನ್ನು ಅವನು ಕಂಡು ತಿಂಗಳಾಗಿರುತ್ತದೆ. ಆದ್ದರಿಂದ ಇಂಥ ಪ್ರತಿಯೊಂದು ಹೆಸರಿನ ಮುಂದೆ, ಗೋಡೆಗೆ ಗೋಡೆ ಹತ್ತಿದ ಮನೆಯವರ ನಂಬರನ್ನೂ ಬರೆದು, ಅವರು ಎದ್ದುಹೋಗಿ ಅಜ್ಜಿಯ ಕೈಗೆ ಫೋನ್ ಕೊಡಲು ಸಿದ್ಧರಿದ್ದಾರೆಯೇ ಎಂದು ಮುಂಚೆಯೇ ಕೇಳಿಟ್ಟುಕೊಳ್ಳಬೇಕು. ಆ ಮನೆಯವರು ಲಿಂಗಾಯತರೋ ಮುಸ್ಲಿಮರೋ ಆಗಿದ್ದರೆ ಸಂಕೋಚಪಡಬೇಕಾಗಿಲ್ಲ. ನಮ್ಮ ಹಳ್ಳಿಗಳಲ್ಲಿ ಇಂಥ ಮಾತಿಗೆ ಇಲ್ಲ ಎನ್ನುವವರನ್ನು ನಾನು ಕಂಡಿಲ್ಲ.

ಪಟ್ಟಿ ಮುಗಿದ ಮೇಲೆ ಕಮಿಟಿ ಒಟ್ಟಾಗಿ ಕುಳಿತು, ಯಾರ ಹೆಸರು ಬಿಟ್ಟುಹೋಗಿದೆ ಎಂದು ಬೇಕೆಂದೇ ಹುಡುಕಬೇಕು. ಚಂದಾ ಕೊಡಲಾಗದೆ ಆರಾಧನೆಗೆ ಬರುವುದನ್ನೇ ಬಿಟ್ಟವರು, ಸಭೆಯೊಂದಿಗೆ ಜಗಳವಾಗಿ ದೂರವಾದವರು, ತೆಲುಗು ಅಥವಾ ಮರಾಠಿ ಮಾತಾಡುವ ಕಾರಣಕ್ಕೆ ಹಿಂದಿನ ಬೆಂಚಿನಲ್ಲಿ ಕುಳಿತು ಸುಮ್ಮನೆ ಎದ್ದುಹೋಗುವವರು, ಗಂಡ ತೀರಿಕೊಂಡ ಮೇಲೆ ತವರಿಗೂ ಸಲ್ಲದೆ ಅತ್ತೆಮನೆಗೂ ಸಲ್ಲದೆ ಇರುವ ಹೆಣ್ಣುಮಕ್ಕಳು ಯೆರೂಸಲೇಮಿನಲ್ಲಿ ಬಿಟ್ಟುಹೋದ ವಿಧವೆಯರ ಸಾಲಿನವರೇ. ಅನಂತರ ಪಟ್ಟಿಯನ್ನು ಸಭೆಯ ಬೇಲಿಯಾಚೆಗೂ ಒಯ್ಯಬೇಕು: ಪಕ್ಕದ ಓಣಿ, ಊರಾಚೆಯ ತಾಂಡಾ, ಇಟ್ಟಿಗೆ ಭಟ್ಟಿಯ ಕೂಲಿಗಳು. ಒಳ್ಳೆಯ ಸಮಾರ್ಯದವನು ದಾರಿಯಲ್ಲಿ ಬಿದ್ದವನ ಮತ ಕೇಳಲಿಲ್ಲ.

ಇದು ಜನರ ಕಾಯಿಲೆಯ ವಿವರವಿರುವ ಪುಸ್ತಕವಾದ್ದರಿಂದ ಇಬ್ಬರ ಕೈಯಲ್ಲಿ ಮಾತ್ರ ಇರಬೇಕು, ಫೋಟೊ ತೆಗೆದು ಗುಂಪಿಗೆ ಹಾಕುವಂತಿಲ್ಲ. ಕ್ಷಯರೋಗಿಯ ಹೆಸರು ಊರಲ್ಲಿ ಹಬ್ಬಿದರೆ ಆ ಮನೆಯ ಮಗಳ ಮದುವೆ ನಿಂತುಹೋಗುವ ಕಾಲ ಇನ್ನೂ ಹೋಗಿಲ್ಲ.

ಮೂರನೆಯ ಹೆಜ್ಜೆ: ಯಾರು ಹೊರಗೆ ಹೋಗಬೇಕು, ಯಾರು ಮನೆಯಿಂದಲೇ ದುಡಿಯಬೇಕು

ನಮ್ಮ ಸಭೆಗಳಲ್ಲಿ ಸೇವೆಗೆ ಮೊದಲು ಎದ್ದುನಿಲ್ಲುವವರು ಹಿರಿಯರು, ಅದರಲ್ಲೂ ಸ್ತ್ರೀ ಸಮಾಜದ ತಾಯಂದಿರು. ಕೋವಿಡ್‌ನಂಥ ರೋಗದಲ್ಲಿ ಹೆಚ್ಚು ಅಪಾಯವೂ ಅವರಿಗೇ. ಅವರನ್ನು ಬೇಡವೆಂದು ಬದಿಗೆ ಕೂರಿಸಿದರೆ ಮನಸ್ಸು ನೋಯುತ್ತದೆ, ಹೊರಗೆ ಕಳಿಸಿದರೆ ಜೀವಕ್ಕೆ ಅಪಾಯ. ಫೋನಿನ ಕೆಲಸವನ್ನು ಪೂರ್ತಿಯಾಗಿ ಅವರಿಗೆ ಒಪ್ಪಿಸುವುದೇ ಇದಕ್ಕೆ ದಾರಿ: ಒಬ್ಬೊಬ್ಬರಿಗೆ ಎಂಟೋ ಹತ್ತೋ ಮನೆ, ದಿನ ಬಿಟ್ಟು ದಿನ ಕರೆ, ಊಟವಾಯಿತೇ, ಮಾತ್ರೆ ಇದೆಯೇ, ಜ್ವರ ಕೆಮ್ಮು ಏನಾದರೂ ಇದೆಯೇ ಎಂಬ ಅವೇ ಪ್ರಶ್ನೆಗಳು, ಕೊನೆಗೆ ಒಂದು ಪ್ರಾರ್ಥನೆ. ಮಗನ ಮುಂದೆ ಬಾಯಿಬಿಡದ ಮುದುಕಿ ತನ್ನ ವಯಸ್ಸಿನವಳ ಮುಂದೆ ನಿಜ ಹೇಳುತ್ತಾಳೆ. ಹಾಗಾಗಿ ಇದನ್ನು ಎರಡನೆಯ ದರ್ಜೆಯ ಕೆಲಸವೆಂದು ಯಾರೂ ತಿಳಿಯಬಾರದು.

ಹೊರಗೆ ಓಡಾಡುವ ತಂಡಕ್ಕೆ ಆರೋಗ್ಯವಂತರಾದ, ಮನೆಯಲ್ಲಿ ಹಾಸಿಗೆ ಹಿಡಿದವರಾಗಲಿ ಹಸುಗೂಸಾಗಲಿ ಇಲ್ಲದ, ಲಸಿಕೆ ಲಭ್ಯವಿದ್ದರೆ ಹಾಕಿಸಿಕೊಂಡ ಯುವಕ ಯುವತಿಯರನ್ನು ತೆಗೆದುಕೊಳ್ಳಬೇಕು. ಇಬ್ಬಿಬ್ಬರ ಜೋಡಿ ಮಾಡಿ, ಒಂದು ಜೋಡಿ ಒಂದೇ ಓಣಿಗೆ ಹೋಗುವಂತೆ ಗೊತ್ತುಮಾಡಿದರೆ, ಯಾರಿಗಾದರೂ ಸೋಂಕು ತಗುಲಿದಾಗ ಎಲ್ಲಿಗೆ ಹರಡಿರಬಹುದೆಂದು ಹುಡುಕುವುದು ಸುಲಭ. ಸಂಚಾರ ನಿರ್ಬಂಧವಿದ್ದರೆ ತಹಸೀಲ್ದಾರರ ಕಚೇರಿಯಿಂದ ಪಾಸ್ ಪಡೆಯದೆ ಹೊರಡಬಾರದು. ಆಶಾ ಕಾರ್ಯಕರ್ತೆಯರ ಪರಿಚಯ ಮಾಡಿಕೊಂಡು, ಅವರು ಹೇಳಿದ ಕಡೆಗೆ ಮೊದಲು ಹೋಗಬೇಕು. ಊರಿನ ಪ್ರತಿ ಬಾಗಿಲು ಅವರಿಗೆ ಗೊತ್ತು, ಅವರ ದುಡಿಮೆ ಹಗುರಾಗಿಸುವುದೂ ಸೇವೆಯೇ.

ಏಪ್ರಿಲ್, ಮೇ ತಿಂಗಳಲ್ಲಿ ಕಲ್ಯಾಣ ಕರ್ನಾಟಕದ ಬಿಸಿಲು ನಲವತ್ತು ಡಿಗ್ರಿ ದಾಟುವುದರಿಂದ, ಬೆಳಿಗ್ಗೆ ಹತ್ತರೊಳಗೆ ಹೋಗಿಬರುವಂತೆ ಯೋಜಿಸಬೇಕು. ಮಾಸ್ಕ್ ಹಾಕಿಕೊಂಡು ಮಧ್ಯಾಹ್ನ ಚೀಲ ಹೊತ್ತು ತಿರುಗಿದವರು ರೋಗಕ್ಕೂ ಮುಂಚೆ ಬಿಸಿಲಿಗೆ ಬೀಳುತ್ತಾರೆ.

ನಾಲ್ಕನೆಯ ಹೆಜ್ಜೆ: ಆರಾಧನೆ

ಇದರಲ್ಲಿ ಹೆಚ್ಚು ಚರ್ಚೆಗೆ ಎಡೆಯಿಲ್ಲ. ಸರ್ಕಾರ ಪ್ರಾರ್ಥನಾಲಯ ಮುಚ್ಚಲು ಹೇಳಿದರೆ ಮುಚ್ಚಬೇಕು. 2020ರ ಈಸ್ಟರ್ ಏಪ್ರಿಲ್ 12ರಂದು ಬಂದಾಗ ಲಾಕ್‌ಡೌನ್ ಇತ್ತು, ದೇವಾಲಯಗಳು ಮತ್ತೆ ತೆರೆದದ್ದು ಜೂನ್ 8ರ ನಂತರ, ಅಷ್ಟರಲ್ಲಿ ಯಾರ ನಂಬಿಕೆಯೂ ನಂದಿಹೋಗಲಿಲ್ಲ. ತೆರೆದಾಗಲೂ ಹಾಡಿನ ವಿಷಯದಲ್ಲಿ ಜಾಗ್ರತೆ ಬೇಕು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಎಂಬಲ್ಲಿ 2020ರ ಮಾರ್ಚ್ 10ರಂದು ಗಾಯನ ತಂಡವೊಂದು ಎರಡೂವರೆ ಗಂಟೆ ಅಭ್ಯಾಸ ಮಾಡಿತು. ಸೇರಿದ್ದ 61 ಜನರ ಪೈಕಿ 53 ಮಂದಿಗೆ ಕೋವಿಡ್ ದೃಢಪಟ್ಟಿತು ಅಥವಾ ಲಕ್ಷಣಗಳಿಂದ ಕೋವಿಡ್ ಎಂದು ಪರಿಗಣಿಸಲಾಯಿತು, ಇಬ್ಬರು ತೀರಿಕೊಂಡರು. ಡೋಲಕ್ ಹಿಡಿದು ಗಂಟೆಗಟ್ಟಲೆ ಹಾಡುವ ನಮ್ಮ ಕೂಟಗಳಿಗೆ ಇದು ನೇರವಾಗಿ ತಟ್ಟುವ ಸಂಗತಿ. ಉಸಿರಿನ ರೋಗವಿದ್ದಾಗ ಬಯಲಲ್ಲಿ, ಕಡಿಮೆ ಹೊತ್ತು, ಹಾಡನ್ನು ಒಬ್ಬರೋ ಇಬ್ಬರೋ ಹೇಳಿ ಉಳಿದವರು ಮನಸ್ಸಿನಲ್ಲಿ ಹೇಳಿಕೊಂಡರೆ ಸಾಕು. ಕರ್ತನ ಭೋಜನಕ್ಕೆ ಒಂದೇ ಬಟ್ಟಲು ಬಳಸುವ ಪದ್ಧತಿಯನ್ನು ತಾತ್ಕಾಲಿಕವಾಗಿ ನಿಲ್ಲಿಸುವ ತೀರ್ಮಾನವನ್ನು ಆಯಾ ಸಭೆಯ ಮೇಲಿನವರು ಬರೆದು ಕಳಿಸಿದರೆ ಹಳ್ಳಿಯ ಪಾಸ್ಟರ್‌ಗೆ ಜನರ ಮುಂದೆ ಹೇಳಲು ಬಲ ಬರುತ್ತದೆ.

ಐದನೆಯ ಹೆಜ್ಜೆ: ಆಹಾರ ಮತ್ತು ಔಷಧಿ

ಕಿಟ್ ಹಂಚುವುದು ಎಲ್ಲರೂ ಮಾಡುವ ಕೆಲಸ, ಆದರೆ ಕಿಟ್‌ನಲ್ಲಿ ಏನಿರಬೇಕೆಂದು ಪಡೆಯುವವರನ್ನು ಕೇಳುವವರು ಕಡಿಮೆ. 2020ರ ಏಪ್ರಿಲ್‌ನಿಂದ ಕೇಂದ್ರ ಸರ್ಕಾರ ರೇಷನ್ ಕಾರ್ಡ್ ಇದ್ದವರಿಗೆ ತಲೆಗೆ ಐದು ಕೆ.ಜಿ. ಧಾನ್ಯವನ್ನು ಉಚಿತವಾಗಿ ಕೊಟ್ಟಿತು. ಅದರ ಮೇಲೆ ಸಭೆಯೂ ಸಂಘಗಳೂ ಅಕ್ಕಿಯನ್ನೇ ತಂದು ಸುರಿದರೆ, ಮನೆಯಲ್ಲಿ ಅಕ್ಕಿ ಇದ್ದೂ ಒಗ್ಗರಣೆಗೆ ಎಣ್ಣೆ ಇರುವುದಿಲ್ಲ, ಒಲೆ ಹೊತ್ತಿಸಲು ಸಿಲಿಂಡರ್ ಇರುವುದಿಲ್ಲ. ನಮ್ಮ ಸೀಮೆಯ ಮುದುಕರಿಗೆ ಎರಡು ಹೊತ್ತೂ ಅನ್ನ ಒಗ್ಗುವುದೂ ಇಲ್ಲ, ರೊಟ್ಟಿ ಬೇಕು. ಜೋಳ ಕೊಟ್ಟರೆ ಗಿರಣಿ ಮುಚ್ಚಿರುತ್ತದೆ. ಆದ್ದರಿಂದ ಗಿರಣಿಯವರೊಡನೆ ಮಾತಾಡಿ, ನಿರ್ಬಂಧ ಸಡಿಲವಾದ ವೇಳೆಯಲ್ಲಿ ಒಟ್ಟಿಗೆ ಬೀಸಿಸಿ, ಹಿಟ್ಟನ್ನೇ ಕೊಡಬೇಕು. ಬೇಸಿಗೆಯಲ್ಲಿ ಜೋಳದ ಹಿಟ್ಟು ಹೆಚ್ಚು ದಿನ ಇಟ್ಟರೆ ಕಹಿಯಾಗುವುದರಿಂದ ವಾರಕ್ಕೆ ಸಾಕಾಗುವಷ್ಟು ಕೊಟ್ಟು ಮತ್ತೆ ಹೋಗುವುದೇ ಲೇಸು. ಮತ್ತೆ ಹೋದಾಗ ಮನೆಯವರ ಮುಖವನ್ನೂ ನೋಡಿದಂತಾಗುತ್ತದೆ. ತೊಗರಿ ಬೇಳೆ, ಎಣ್ಣೆ, ಖಾರ, ಉಪ್ಪು, ಬೆಲ್ಲ, ಚಹಾಪುಡಿ, ಮೈಸೋಪು, ಹೆಣ್ಣುಮಕ್ಕಳಿಗೆ ಪ್ಯಾಡ್, ಕೂಸಿದ್ದರೆ ಅದಕ್ಕೆ ಬೇಕಾದದ್ದು ಇವನ್ನು ಮನೆಯ ಪಟ್ಟಿ ನೋಡಿ ಸೇರಿಸಬೇಕು.

ಚೀಲವನ್ನು ಹೊಸ್ತಿಲ ಹೊರಗಿಟ್ಟು, ಕರೆದು, ಎರಡು ಮೀಟರ್ ಹಿಂದೆ ಸರಿದು, ಅವರು ಒಳಗೆ ಒಯ್ಯುವವರೆಗೆ ನಿಂತು, ಎರಡು ಮಾತಾಡಿ ಬರಬೇಕು. ಇಟ್ಟು ಓಡಿಬಂದರೆ ಭಿಕ್ಷೆ ಹಾಕಿದಂತಾಗುತ್ತದೆ. ಪಡೆಯುವವರ ಫೋಟೊ ತೆಗೆಯಲೇಬಾರದು. ಲೆಕ್ಕಕ್ಕೆ ಬೇಕಿದ್ದರೆ ಸಾಮಾನಿನ ಫೋಟೊ, ಅಂಗಡಿಯ ರಸೀದಿ ಸಾಕು. ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದೆಂಬ ಆಜ್ಞೆ ಫೇಸ್‌ಬುಕ್‌ಗೂ ಅನ್ವಯಿಸುತ್ತದೆ ಎಂದೇ ನಾನು ನಂಬುತ್ತೇನೆ. ಅಷ್ಟೇ ಮುಖ್ಯವಾದದ್ದು, ಕೊಡುವಾಗ ಷರತ್ತು ಇರಬಾರದು. ಕ್ರೈಸ್ತರಲ್ಲದ ಮನೆಗೆ ಹೋದಾಗ ಕರಪತ್ರ ಸೇರಿಸುವುದಾಗಲಿ, ಕೂಟಕ್ಕೆ ಬರಬೇಕೆನ್ನುವುದಾಗಲಿ ಹಸಿದವನ ಅಸಹಾಯಕತೆಯನ್ನು ಬಳಸಿಕೊಂಡಂತೆ. ಯಾರಾದರೂ ತಾವಾಗಿಯೇ ಪ್ರಾರ್ಥನೆ ಕೇಳಿದರೆ ಮಾಡಬೇಕು, ಅಷ್ಟೇ.

ಔಷಧಿಯ ವಿಷಯ ಆಹಾರಕ್ಕಿಂತಲೂ ತುರ್ತಿನದು, ಏಕೆಂದರೆ ಹಸಿವನ್ನು ಹೇಳಿಕೊಳ್ಳುವವರು ಬಿಪಿ ಮಾತ್ರೆ ಮುಗಿದದ್ದನ್ನು ಹೇಳಿಕೊಳ್ಳುವುದಿಲ್ಲ. ಪಟ್ಟಿಯಲ್ಲಿರುವ ಪ್ರತಿ ದೀರ್ಘಕಾಲದ ರೋಗಿಯ ಚೀಟಿಯನ್ನು ಸಾಧ್ಯವಿದ್ದಲ್ಲಿ ಫೋನಿನಲ್ಲಿ ತರಿಸಿಕೊಂಡು, ಮಾತ್ರೆ ಮುಗಿಯಲು ಒಂದು ವಾರ ಇರುವಾಗಲೇ ತಂದುಕೊಡಬೇಕು. ಕ್ಷಯದ ಮಾತ್ರೆಗಳು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗುತ್ತವೆ. ಅವು ನಡುವೆ ನಿಂತರೆ ರೋಗ ಔಷಧಿಗೆ ಬಗ್ಗದಂತಾಗುವ ಅಪಾಯವಿರುವುದರಿಂದ ಆ ಹೆಸರುಗಳ ಮುಂದೆ ಕೆಂಪು ಗುರುತು ಹಾಕಿಕೊಳ್ಳಬೇಕು. ಡಯಾಲಿಸಿಸ್‌ನವರಿಗೂ ದಿನ ತುಂಬಿದ ಬಸುರಿಯರಿಗೂ ಗಾಡಿ ಯಾವುದು, ಡ್ರೈವರ್ ಯಾರು ಎಂಬುದು ಮುಂಚೆಯೇ ಗೊತ್ತಿರಬೇಕು. 108ಕ್ಕೆ ಕರೆ ಮಾಡುವುದರ ಜೊತೆಗೆ ಈ ಏರ್ಪಾಡೂ ಇರಲಿ.

ಬೀದರ್‌ನಲ್ಲಿ ನಾನಕ್ ಝೀರಾ ಗುರುದ್ವಾರದ ಲಂಗರ್ ಇದೆ, ಮಠಗಳ ದಾಸೋಹವಿದೆ, ಮಸೀದಿ ಕಮಿಟಿಗಳು ಮನೆಮನೆಗೆ ಊಟ ಮುಟ್ಟಿಸುತ್ತವೆ. ಅವರೊಂದಿಗೆ ಮೊದಲೇ ಕುಳಿತು ಓಣಿಗಳನ್ನು ಹಂಚಿಕೊಂಡರೆ, ಒಂದೇ ಮನೆಗೆ ಮೂರು ಚೀಲ ಹೋಗಿ ಪಕ್ಕದ ಮನೆಗೆ ಒಂದೂ ಹೋಗದಿರುವ ಅನ್ಯಾಯ ತಪ್ಪುತ್ತದೆ.

ಆರನೆಯ ಹೆಜ್ಜೆ: ರೋಗಿ ಇರುವ ಮನೆ

ಪ್ರತಿ ಸಭೆಯಲ್ಲೂ, ಬೆರಳಿಗೆ ಹಾಕಿ ರಕ್ತದಲ್ಲಿನ ಆಮ್ಲಜನಕ ಅಳೆಯುವ ಎರಡೋ ಮೂರೋ ಪಲ್ಸ್ ಆಕ್ಸಿಮೀಟರ್, ಕೆಲವು ಥರ್ಮಾಮೀಟರ್ ಇದ್ದು, ಬೇಕಾದ ಮನೆಗೆ ಕೊಟ್ಟು ಹಿಂದಕ್ಕೆ ಪಡೆಯುವ ಏರ್ಪಾಡಿರಬೇಕು. ಆಕ್ಸಿಮೀಟರ್ ಕೊಡುವಾಗ ಅದನ್ನು ಹೇಗೆ ಬಳಸಬೇಕೆಂದು ತೋರಿಸಿಕೊಡಬೇಕು: ಐದು ನಿಮಿಷ ಸುಮ್ಮನೆ ಕುಳಿತು, ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿ, ಉಗುರಿಗೆ ಬಣ್ಣವೋ ಗಾಢ ಮೆಹಂದಿಯೋ ಇದ್ದರೆ ಅದಿಲ್ಲದ ಬೆರಳಿಗೆ ಹಾಕಿ, ಅಂಕಿ ಏರಿಳಿಯುವುದು ನಿಂತ ಮೇಲೆ ಓದಿ, ಗಂಟೆಯೊಂದಿಗೆ ಬರೆದಿಡಬೇಕು. ಅಂಕಿ 94ಕ್ಕಿಂತ ಕೆಳಗೆ ಇಳಿದು ಅಲ್ಲಿಯೇ ನಿಂತರೆ, ಉಸಿರಾಟ ಕಷ್ಟವಾದರೆ, ತುಟಿ ನೀಲಿಗಟ್ಟಿದರೆ, ಮಾತು ತೊದಲಿದರೆ ಅಥವಾ ಎದೆ ನೋವು ಬಂದರೆ ಪ್ರಾರ್ಥನೆಯನ್ನು ದಾರಿಯಲ್ಲಿ ಮಾಡಬಹುದು, ಮೊದಲು ಆಸ್ಪತ್ರೆಗೆ ಹೊರಡಬೇಕು. ಇದನ್ನು ಸಭಾಪಾಲಕರೇ ಬಾಯಿಬಿಟ್ಟು ಹೇಳಬೇಕಾದ ಅಗತ್ಯವಿದೆ. ಎಣ್ಣೆ ಹಚ್ಚಿ ಪ್ರಾರ್ಥಿಸಲು ಹೇಳುವ ಯಾಕೋಬನ ಪತ್ರಿಕೆ ವೈದ್ಯರ ಬಳಿಗೆ ಹೋಗಬೇಡಿ ಎಂದು ಎಲ್ಲಿಯೂ ಹೇಳಿಲ್ಲ.

ವೈದ್ಯರು ಬರೆಯದ ಸ್ಟೆರಾಯ್ಡ್ ಮಾತ್ರೆಗಳನ್ನು ಮೆಡಿಕಲ್ ಅಂಗಡಿಯಿಂದ ತಂದುಕೊಡುವ ಕೆಲಸಕ್ಕೆ ನಮ್ಮ ತಂಡ ಕೈಹಾಕಬಾರದು. 2021ರ ಎರಡನೆಯ ಅಲೆಯಲ್ಲಿ ಸಕ್ಕರೆ ಕಾಯಿಲೆಯವರನ್ನು ಕಾಡಿದ ಕಪ್ಪು ಶಿಲೀಂಧ್ರ ರೋಗಕ್ಕೆ ಸ್ಟೆರಾಯ್ಡ್‌ನ ಅತಿಬಳಕೆಯೂ ಒಂದು ಕಾರಣವೆಂದು ವೈದ್ಯರು ಗುರುತಿಸಿದ್ದಾರೆ. ರೋಗಿಯ ಕೋಣೆಯ ಕಿಟಕಿ ತೆರೆದಿರಬೇಕು, ನೋಡಿಕೊಳ್ಳುವವರು ಒಬ್ಬರೇ ಇರಬೇಕು, ಇಬ್ಬರೂ ಮಾಸ್ಕ್ ಹಾಕಿರಬೇಕು. ಒಂದೇ ಕೋಣೆಯ ಮನೆಗಳಿಗೆ ಈ ಮಾತು ಹೇಳಿದರೆ ಪ್ರಯೋಜನವಿಲ್ಲ. ಅಂಥವರಿಗಾಗಿ ಸಭೆಯ ಶಾಲೆಯನ್ನೋ ಸಮುದಾಯ ಭವನವನ್ನೋ ಆರೈಕೆ ಕೇಂದ್ರವಾಗಿ ಬಿಟ್ಟುಕೊಡುವುದಾಗಿ ಜಿಲ್ಲಾಡಳಿತಕ್ಕೆ ಬರೆದುಕೊಡಬೇಕು. ಆರಾಧನೆ ನಿಂತ ಕಟ್ಟಡ ಖಾಲಿ ಬಿದ್ದಿರುವಾಗ ಓಣಿಯಲ್ಲಿ ಆರು ಜನ ಒಂದೇ ಕೋಣೆಯಲ್ಲಿ ಕೆಮ್ಮುತ್ತಿದ್ದರೆ, ಆ ಬೀಗಕ್ಕೆ ನಾವೇ ಉತ್ತರ ಕೊಡಬೇಕಾಗುತ್ತದೆ.

ಏಳನೆಯ ಹೆಜ್ಜೆ: ಗುಳೆ ಹೋಗಿ ಮರಳಿ ಬಂದವರು

ಯಾದಗಿರಿ, ಕಲಬುರಗಿ, ಬೀದರ್ ಈ ಮೂರೂ ಜಿಲ್ಲೆಗಳ ಜನ ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿಗೆ ದುಡಿಯಲು ಹೋಗುವವರು. 2020ರ ಮೇ ತಿಂಗಳಲ್ಲಿ ಅವರು ಮರಳಿದಾಗ ಹಳ್ಳಿಯ ಶಾಲೆ, ಹಾಸ್ಟೆಲ್‌ಗಳಲ್ಲಿ ಕ್ವಾರಂಟೈನ್ ಆಗಬೇಕಾಯಿತು, ಮತ್ತು ಹುಟ್ಟಿದ ಊರಿನವರೇ ಅವರನ್ನು ರೋಗ ತಂದವರೆಂದು ದೂರ ಇಟ್ಟದ್ದನ್ನು ನಾವೆಲ್ಲ ಕಂಡಿದ್ದೇವೆ. ಸಭೆಯ ಮೊದಲ ಕೆಲಸ ಊರಿನವರ ಭಯ ಇಳಿಸುವುದು; ಪಾಸ್ಟರ್ ಗ್ರಾಮ ಪಂಚಾಯಿತಿಯವರ ಜೊತೆ ಹೋಗಿ ನಿಂತರೆ ಅದರ ತೂಕವೇ ಬೇರೆ. ಕ್ವಾರಂಟೈನ್ ಜಾಗದಲ್ಲಿ ಹೆಂಗಸರಿಗೆ ಬೇರೆ ಶೌಚಾಲಯವಿದೆಯೇ, ರಾತ್ರಿ ದೀಪವಿದೆಯೇ, ಕುಡಿಯುವ ನೀರು ತಂಪಾಗಿದೆಯೇ ಎಂದು ನೋಡಿ, ಇಲ್ಲದಿದ್ದರೆ ಪಂಚಾಯಿತಿಗೆ ಬರೆದುಕೊಡಬೇಕು. ಮನೆಗೆ ಬಂದ ಮೇಲೆ ಉದ್ಯೋಗ ಖಾತ್ರಿಯಂಥ ಸರ್ಕಾರಿ ಕೂಲಿ ಯೋಜನೆಯಲ್ಲಿ ಕೆಲಸ ಕೇಳುವ ಅರ್ಜಿ ತುಂಬಿಸಲು ಓದಿದ ಹುಡುಗ ಹುಡುಗಿಯರನ್ನು ಕೂರಿಸಬೇಕು.

ಎಂಟನೆಯ ಹೆಜ್ಜೆ: ಸಾವು ಮತ್ತು ಸಮಾಧಿ

ಸತ್ತವರನ್ನು ಮರ್ಯಾದೆಯಿಂದ ಮಣ್ಣು ಮಾಡುವುದು ಸಭೆ ಮೊದಲಿನಿಂದಲೂ ಬಿಡದೆ ನಡೆಸಿಕೊಂಡು ಬಂದ ಸೇವೆ. ಸಾಂಕ್ರಾಮಿಕದಲ್ಲಿ ಜನ ಹೆಚ್ಚು ಹೆದರುವುದೂ ಇಲ್ಲಿಯೇ, ಮನೆಯವರು ಜೀವನವಿಡೀ ನೆನಪಿಡುವ ಗಾಯವಾಗುವುದೂ ಇಲ್ಲಿಯೇ. ಹಾಗಾಗಿ ನಿಯಮ ಏನು ಹೇಳುತ್ತದೆಂದು ಸರಿಯಾಗಿ ಓದಿಕೊಂಡಿರಬೇಕು. 2020ರ ಮಾರ್ಚ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಹೊರಡಿಸಿದ ಮಾರ್ಗಸೂಚಿಯಲ್ಲಿ ಶವಕ್ಕೆ ಸ್ನಾನ ಮಾಡಿಸುವುದು, ಮುದ್ದಿಡುವುದು, ಅಪ್ಪಿಕೊಳ್ಳುವುದು ಬೇಡವೆಂದಿತ್ತು. ಆದರೆ ಚೀಲದ ಮುಖಭಾಗ ತೆರೆದು ಮನೆಯವರಿಗೆ ಕೊನೆಯ ಸಲ ತೋರಿಸುವುದಕ್ಕೂ, ಶವವನ್ನು ಮುಟ್ಟದೆ ಧರ್ಮಗ್ರಂಥ ಓದುವುದಕ್ಕೂ, ಪವಿತ್ರ ಜಲ ಚಿಮುಕಿಸುವುದಕ್ಕೂ ಅವಕಾಶವಿತ್ತು. ಇದು ಗೊತ್ತಿಲ್ಲದೆ ಎಷ್ಟೋ ಮನೆಯವರು ತಂದೆತಾಯಿಯ ಮುಖವನ್ನೂ ನೋಡದೆ ಕಳಿಸಿಕೊಟ್ಟರು.

ಸಭೆಯಿಂದ ಐದಾರು ಜನರ ಸಮಾಧಿ ತಂಡ ಮಾಡಿ, ಕೈಗವಸು, ಮಾಸ್ಕ್, ಮೇಲಂಗಿ ಹಾಕುವುದಕ್ಕಿಂತಲೂ ಅವನ್ನು ಬಿಚ್ಚುವ ಕ್ರಮವನ್ನು ಆರೋಗ್ಯ ಸಿಬ್ಬಂದಿಯಿಂದ ಕಲಿಸಬೇಕು; ಸೋಂಕು ತಗುಲುವುದು ಹೆಚ್ಚಾಗಿ ಬಿಚ್ಚುವಾಗ. ಕ್ರೈಸ್ತರ ಸ್ಮಶಾನದಲ್ಲಿ ಜಾಗ ಎಲ್ಲಿ, ಗುಂಡಿ ತೋಡುವವರು ಯಾರು, ಜೆಸಿಬಿ ಬೇಕಾದರೆ ಯಾರದು ಎಂಬುದನ್ನು ಮುಂಚೆಯೇ ಗೊತ್ತುಮಾಡಿ, ಸ್ಮಶಾನದ ಸುತ್ತಲಿನ ಮನೆಯವರೊಂದಿಗೆ ಸಾವು ಬರುವ ಮುನ್ನವೇ ಮಾತಾಡಿರಬೇಕು. ಶವ ಬಂದು ನಿಂತ ಮೇಲೆ ತಕರಾರು ಎದ್ದರೆ ಅದನ್ನು ಇಳಿಸುವುದು ಕಷ್ಟ. ಮುಚ್ಚಿದ ಮಣ್ಣಿನಿಂದ ಇಂಥ ರೋಗ ಹರಡುವುದಿಲ್ಲವೆಂದು ವೈದ್ಯರೊಬ್ಬರು ಬಂದು ಹೇಳಿದರೆ ಒಳ್ಳೆಯದು.

ಸಮಾಧಿಯ ಹೊತ್ತಿಗೆ ಬರಲಾಗದ ಮನೆಯವರಿಗಾಗಿ ಒಬ್ಬರು ಫೋನ್ ಹಿಡಿದು ನಿಲ್ಲಲಿ. ಸಮಾಧಿ ಎಲ್ಲಿ ಮಾಡಲಾಯಿತೆಂಬುದನ್ನು ಸಾಲು, ಸಂಖ್ಯೆ ಸಮೇತ ಬರೆದಿಟ್ಟು, ಹೆಸರು ಬರೆದ ಕಲ್ಲನ್ನೋ ಹಲಗೆಯನ್ನೋ ಅಂದೇ ನೆಡಬೇಕು. ಕ್ವಾರಂಟೈನ್ ಮುಗಿಸಿ ಬಂದ ಮಗ ತಂದೆಯ ಸಮಾಧಿ ಯಾವುದೆಂದು ಹುಡುಕುವಂತಾಗಬಾರದು. ಮರಣ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವುದು, ವಿಮೆ, ಪಿಂಚಣಿ, ಪರಿಹಾರದ ಕಾಗದಪತ್ರ ಇವನ್ನೂ ಇದೇ ತಂಡ ನೋಡಿಕೊಳ್ಳಬೇಕು. ವಿಧವೆಗೆ ಆ ವಾರಗಳಲ್ಲಿ ಕಚೇರಿ ಅಲೆಯುವ ಶಕ್ತಿ ಇರುವುದಿಲ್ಲ.

ಒಂಬತ್ತನೆಯ ಹೆಜ್ಜೆ: ಹಣದ ಲೆಕ್ಕ

ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ ಎಂಟನೆಯ ಅಧ್ಯಾಯದಲ್ಲಿ ಪೌಲನು ಬಡವರಿಗಾಗಿ ಕೂಡಿಸಿದ ಹಣವನ್ನು ಒಬ್ಬನೇ ಒಯ್ಯದೆ, ಯಾರೂ ತಪ್ಪು ಹೊರಿಸದಂತೆ ಇತರರನ್ನು ಜೊತೆಗೆ ಕರೆದುಕೊಳ್ಳುತ್ತಾನೆ. ನಮಗೂ ಅದೇ ನಿಯಮ. ಸೇವೆಯ ಹಣಕ್ಕೆ ಬೇರೆ ಲೆಕ್ಕ, ಇಬ್ಬರ ಸಹಿ, ತಿಂಗಳಿಗೊಮ್ಮೆ ಸಭೆಯ ಮುಂದೆ ಓದುವುದು. ವಿದೇಶಿ ಮೂಲದಿಂದ ಹಣ ಪಡೆಯಲು, ವಿದೇಶಿ ದೇಣಿಗೆ ನಿಯಂತ್ರಿಸುವ ಕಾನೂನಾದ ಎಫ್‌ಸಿಆರ್‌ಎ ಪ್ರಕಾರ ನೋಂದಣಿಯೋ ಪೂರ್ವಾನುಮತಿಯೋ ಬೇಕೇಬೇಕು. 2020ರ ತಿದ್ದುಪಡಿಯ ನಂತರ ನೋಂದಾಯಿತ ಸಂಸ್ಥೆಯೂ ಆ ಹಣವನ್ನು ಮತ್ತೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲವಾದ್ದರಿಂದ, ಹೊರದೇಶದಲ್ಲಿರುವ ನೆಂಟರು ಕಳಿಸುತ್ತೇವೆಂದಾಗ ಲೆಕ್ಕಪರಿಶೋಧಕರನ್ನು ಕೇಳದೆ ಒಪ್ಪಿಕೊಳ್ಳಬಾರದು.

ಹತ್ತನೆಯ ಹೆಜ್ಜೆ: ಮನಸ್ಸು, ಮಕ್ಕಳು, ಮತ್ತು ಸೇವೆ ಮಾಡುವವರ ಆಯಾಸ

ಕರೆ ಮಾಡುವ ತಾಯಂದಿರಿಗೆ ಕೆಲವು ನಂಬರ್‌ಗಳು ಬಾಯಿಪಾಠವಾಗಿರಬೇಕು: ಮಾನಸಿಕ ಸಂಕಟಕ್ಕೆ ಟೆಲಿ ಮಾನಸ್ 14416, ಮಕ್ಕಳಿಗೆ 1098, ಹೊಡೆತ ತಿನ್ನುತ್ತಿರುವ ಹೆಣ್ಣಿಗೆ 181, ತುರ್ತಿಗೆ 112. ಶಾಲೆ ಮುಚ್ಚಿದಾಗ ನಮ್ಮ ಕಡೆ ಹೆಣ್ಣುಮಕ್ಕಳ ಮದುವೆಯ ಮಾತು ಬೇಗ ಏಳುತ್ತದೆ. ಹದಿನೆಂಟು ತುಂಬದ ಹುಡುಗಿಗೆ ಮದುವೆಯ ಪ್ರಾರ್ಥನೆ ಮಾಡಿಸಲು ಬಂದವರಿಗೆ ಸಭಾಪಾಲಕರು ಇಲ್ಲ ಎನ್ನಬೇಕು, ಮತ್ತು ಆ ಮನೆಯ ಸಂಕಟವೇನೆಂದು ಕೇಳಿ ನೆರವಾಗಬೇಕು. ತಂದೆತಾಯಿ ಇಬ್ಬರನ್ನೂ ಕಳೆದುಕೊಂಡ ಮಗುವನ್ನು ಕರುಣೆಯಿಂದಲೂ ಯಾರೂ ತಾವಾಗಿ ಮನೆಗೆ ಕರೆದೊಯ್ದು ಇಟ್ಟುಕೊಳ್ಳುವಂತಿಲ್ಲ. ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸುವುದೇ ಕಾನೂನು, ಮಗುವಿನ ರಕ್ಷಣೆಗೂ ಅದೇ ದಾರಿ.

ಸೇವೆ ಮಾಡುವವರ ಬಗ್ಗೆ ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ ಎಪಫ್ರೊದೀತನ ಕಥೆಯನ್ನು ಪ್ರತಿ ಕಮಿಟಿಯೂ ಓದಬೇಕು. ಸೇವೆಯಲ್ಲಿದ್ದಾಗ ಅವನು ಕಾಯಿಲೆ ಬಿದ್ದು ಸಾಯುವಂತಾಗಿದ್ದ. ಪೌಲನು ಅವನನ್ನು ಇನ್ನಷ್ಟು ದುಡಿಸಲಿಲ್ಲ, ಊರಿಗೆ ಕಳಿಸಿ, ಇಂಥವರನ್ನು ಗೌರವಿಸಿರಿ ಎಂದು ಬರೆದ. ಎರಡು ವಾರ ಓಡಾಡಿದ ಜೋಡಿಗೆ ಒಂದು ವಾರ ಕಡ್ಡಾಯ ಬಿಡುವು, ಜ್ವರ ಬಂದವರ ಮನೆಗೆ ಬೇರೆಯವರ ಮನೆಗೆ ಹೋಗುವಂತೆಯೇ ಹಿಟ್ಟು, ಬೇಳೆ, ಫೋನ್ ಕರೆ. ಪಾಸ್ಟರ್ ಮತ್ತು ಅವರ ಹೆಂಡತಿಯ ಹೆಸರೂ ಮನೆಗಳ ಪಟ್ಟಿಯಲ್ಲಿರಬೇಕು, ಅವರಿಗೂ ಒಬ್ಬರು ಕರೆ ಮಾಡುವವರು ಗೊತ್ತಿರಬೇಕು. ಎಲ್ಲರ ಮನೆ ವಿಚಾರಿಸುವ ಅವರ ಮನೆಯಲ್ಲಿ ಸಂಬಳ ಬಂದಿದೆಯೇ ಎಂದು ಕೇಳುವವರು ಸಾಮಾನ್ಯವಾಗಿ ಯಾರೂ ಇರುವುದಿಲ್ಲ.

ರೋಗ ಇಳಿದ ಮೇಲೆ ಆಕ್ಸಿಮೀಟರ್‌ಗಳ ಬ್ಯಾಟರಿ ತೆಗೆದು, ಒರೆಸಿ, ಒಂದೇ ಪೆಟ್ಟಿಗೆಯಲ್ಲಿಟ್ಟು, ಬೀಗದ ಕೈ ಯಾರಲ್ಲಿದೆ ಎಂದು ಕಮಿಟಿಯ ನಡಾವಳಿಯಲ್ಲಿ ಬರೆಸಬೇಕು. ಕ್ರಿಸ್ಮಸ್‌ಗೆ ಮೊದಲು ಮತ್ತು ಈಸ್ಟರ್ ನಂತರ, ವರ್ಷಕ್ಕೆ ಎರಡು ಸಲ ಮನೆಗಳ ಪಟ್ಟಿಯನ್ನು ತಿದ್ದಿ, ಬದಲಾದ ನಂಬರ್ ಸೇರಿಸಿ, ಗುಳೆ ಹೋದವರ ಹೊಸ ವಿಳಾಸ ಬರೆದುಕೊಳ್ಳುವ ಜವಾಬ್ದಾರಿಯನ್ನು ಯುವಕ ಸಂಘದ ಇಬ್ಬರಿಗೆ ಹೆಸರು ಹಿಡಿದು ಒಪ್ಪಿಸಬೇಕು.